ಗೂಟಕ್ಕೆ ಹಾಕಿದ ಶಿವದಾರ

ಹಂಪಸಾಗರದ ಹಿನ್ನೀರಿನ ದಂಡೆಯಲ್ಲಿ, ಎಳೆಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಗಲೂ ಗುರುಬಸವರಾಜನ ತಲೆಯೊಳಗೆ ಇದ್ದದ್ದು ಸಂಜೆಯೇ. ಹೆಂಡತಿ ಗಂಗಾಂಬಿಕಾ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟಿದ್ದಳು. ಮಗಳು ಚಂದನಾ ಮೊಬೈಲು ಹಿಡಿದು, ದೂರದ ಕೆಸರಿನಲ್ಲಿ ಒಂಟಿಗಾಲಲ್ಲಿ ನಿಂತ ಹಕ್ಕಿಗಳ ಕಡೆ ಬೆಕ್ಕಿನ ಹೆಜ್ಜೆ ಇಡುತ್ತಿದ್ದಳು. ಎಲ್ಲ ಅವನು ಅಂದುಕೊಂಡ ಹಾಗೆಯೇ ನಡೆದಿತ್ತು. ಸೂರ್ಯ ಸಹ ಹೇಳಿದ ಹೊತ್ತಿಗೆ ಹುಟ್ಟಿದ್ದ. ಬೆಳಗಿನ ಬಗ್ಗೆ ಅವನಿಗೆ ಎಂದೂ ಹೆದರಿಕೆಯಿರಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲೂ ಬೆಳಗಿನ ಹೊತ್ತು ಅವನಷ್ಟು ಸಂಭಾವಿತ ಕೊಟ್ಟೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಮಿಂದು ವಿಭೂತಿ ಹಚ್ಚಿಕೊಂಡು ಮೋಟಾರು ರಿವೈಂಡಿಂಗ್ ಅಂಗಡಿಯ ಬಾಗಿಲು ತೆಗೆದನೆಂದರೆ, ರೈತರು ಇಳಿಸಿದ ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು, ತಾಮ್ರದ ತಂತಿಯನ್ನು ಸುತ್ತಿನ ಮೇಲೆ ಸುತ್ತು ಕೂರಿಸುತ್ತ ಮಧ್ಯಾಹ್ನದವರೆಗೆ ತಲೆಯೆತ್ತುತ್ತಿರಲಿಲ್ಲ. ಹೊತ್ತು ಇಳಿಯತೊಡಗಿದಾಗ ಬೆರಳಿಗೆ ಕೆಲಸ ಬೇಡವಾಗುತ್ತಿತ್ತು, ನಾಲಿಗೆಗೆ ಕೆಲಸ ಬೇಕಾಗುತ್ತಿತ್ತು. ತಂತಿಯ ಮೈಮೇಲಿನ ವಾರ್ನಿಷ್ ಎಲ್ಲೋ ಒಂದು ಕಡೆ, ಉಗುರಿನಷ್ಟು ಜಾಗದಲ್ಲಿ ಹೋಗಿದ್ದರೂ ಇಡೀ ಮೋಟಾರು ಅಲ್ಲೇ ಸುಡುತ್ತದೆ. ತನ್ನ ದಿನದಲ್ಲಿ ವಾರ್ನಿಷ್ ಹೋದ ಜಾಗ ಅಂದರೆ ಸಂಜೆ ಎಂದು ಅವನು ಕಂಡುಕೊಂಡದ್ದು ಕೂಡ್ಲಿಗಿಯ ಕುಡಿತ ಬಿಡಿಸುವ ಶಿಬಿರದಲ್ಲಿ.

ಆ ಶಿಬಿರದ ವಾಣಿಶ್ರೀ ಮೇಡಂ ಬೈಯುವವಳಾಗಿರಲಿಲ್ಲ, ಅಳುವಂತೆ ಮಾಡುವವಳೂ ಆಗಿರಲಿಲ್ಲ. ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ಚಾಪೆಯ ಮೇಲೆ ಕೂತ ಗಂಡಸರಿಗೆ ಆಕೆ ಹೇಳಿದ್ದು ಇಷ್ಟೇ: "ಬಿಟ್ಟೀವಿ ಅಂತ ಮನ್ಯಾಗ ಮೂಲಿ ಹಿಡದು ಕುಂದರಬ್ಯಾಡ್ರಿ. ಹೆಂಡ್ತಿ ಮಕ್ಕಳನ್ನ ಕರಕೊಂಡು ಊರು ನೋಡ್ರಿ, ಚೈನಿ ಮಾಡ್ರಿ. ಆದ್ರ ಸಂಜಿ ಮಾತ್ರ ಖಾಲಿ ಇಡಬ್ಯಾಡ್ರಿ." ಚೈನಿ ಎನ್ನುವ ಮಾತು ಅವನಿಗೆ ಹೊಸದಾಗಿ ಕೇಳಿಸಿತ್ತು. ಕುಡಿಯದೆ ಚೈನಿ ಹೇಗೆ ಮಾಡುತ್ತಾರೆ? ಮಾಡುವವರು ಇದ್ದಾರು, ಆದರೆ ಅವನು ಕಂಡವನಲ್ಲ. ಅಂದಿನಿಂದ ಅವನು ಈ ಎರಡು ದಿನದ ಪ್ರವಾಸವನ್ನು ಕಟ್ಟುತ್ತ ಬಂದಿದ್ದ. ಎಲ್ಲಿ ಇಳಿಯುವುದು, ಯಾವ ರಸ್ತೆಯಲ್ಲಿ ಯಾವ ಹೊತ್ತಿಗೆ ಬಾರಿನ ದೀಪ ಹತ್ತುತ್ತದೆ, ಆ ಹೊತ್ತಿಗೆ ತಾವು ಅದನ್ನು ದಾಟಿರುತ್ತೇವೋ ಇಲ್ಲವೋ, ಬಾಯಿ ಒಣಗಿದರೆ ಕುಡಿಯಲಿಕ್ಕೆ ಏನು, ಕೈ ನಡುಗಿದರೆ ಹಿಡಿಯಲಿಕ್ಕೆ ಏನು. ಬೆಳಿಗ್ಗೆ ಹಂಪಸಾಗರದ ಹಕ್ಕಿ, ಮಧ್ಯಾಹ್ನ ಹಡಗಲಿಯಲ್ಲಿ ಷಡ್ಡಕನ ಮನೆಯ ಊಟ, ಸಂಜೆ ಮೈಲಾರದಲ್ಲಿ ಹೊಳೆಸ್ನಾನ, ಆಮೇಲೆ ಅವನದೇ ಕೈಯ ಮಿರ್ಚಿ ಮಂಡಕ್ಕಿ, ನಾಳೆ ಹರಪನಹಳ್ಳಿಯ ಕಡೆಯಿಂದ ಸುತ್ತಿ ಮನೆಗೆ. ಸಣ್ಣ ಗ್ಯಾಸ್ ಒಲೆ, ಕಡಲೆಹಿಟ್ಟು, ಕೊಟ್ಟೂರಿನ ಮಂಡಕ್ಕಿ, ಉದ್ದ ಮೆಣಸಿನಕಾಯಿ ಎಲ್ಲ ಕಾರಿನ ಡಿಕ್ಕಿಯಲ್ಲಿದ್ದವು. ಹಿಂದೊಮ್ಮೆ ಅದೇ ಡಿಕ್ಕಿಯಲ್ಲಿ ಏನಿರುತ್ತಿತ್ತು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅಂಗಡಿಯ ಪಕ್ಕದ ಪಾಲಾಕ್ಷಪ್ಪ ಬಿದ್ದು ಬಿದ್ದು ನಕ್ಕಿದ್ದ. "ಪ್ರವಾಸ ಅಂದ್ರ ಮೈಲಾರೇನೋ? ಅದು ಹರಕಿ ತೀರಿಸೋದಪ್ಪ, ಪ್ರವಾಸ ಅಲ್ಲ." ನಗಲಿ, ಅವನ ಹಲ್ಲು ಅವನವು. ಸಾವಿರಾರು ಜನ ಜಾತ್ರೆಗೆ ನುಗ್ಗುವ ಊರು ಬೇರೆ ದಿನಗಳಲ್ಲಿ ಎಷ್ಟು ತಣ್ಣಗಿರುತ್ತದೆಂದು ಈ ಪಾಲಾಕ್ಷಪ್ಪನಿಗೇನು ಗೊತ್ತು?

ಸಮುದ್ರಕ್ಕೆ ಹೋಗೋಣವೇ ಎಂದು ಅವನು ಮೊದಲು ಕೇಳಿದ್ದು ಚಂದನಾಳನ್ನು. ಕೇಳಬಾರದಿತ್ತು. ಅವಳು ಪುಸ್ತಕದಿಂದ ತಲೆ ಎತ್ತದೆ, "ಸಮುದ್ರ ಬ್ಯಾಡ" ಎಂದಳು. ಅಷ್ಟೇ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು, ಆ ದನಿಯಲ್ಲಿ ಏನೂ ಇರಲಿಲ್ಲ. ಹಿಂದೊಮ್ಮೆ ಗೋಕರ್ಣದ ದಂಡೆಯಲ್ಲಿ ಹೊತ್ತು ಮುಳುಗುವಾಗ, "ಐದು ನಿಮಿಷ, ಬಂದೆ" ಎಂದು ಎಳನೀರಿನ ಅಂಗಡಿಯ ಬಳಿ ತಾಯಿ ಮಗಳನ್ನು ನಿಲ್ಲಿಸಿ ಹೋದವನು ಬೆಳಗಾದ ಮೇಲೆ ಬಂದಿದ್ದ. ಎಳನೀರಿನವನು ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಮರಳಿನ ಮೇಲೆ ಗಂಗಾಂಬಿಕಾ ಕೂತಿದ್ದಳು, ಅವಳ ತೊಡೆಯ ಮೇಲೆ ಮಗಳ ತಲೆ. ಅವನ ಮೊಬೈಲಿನ ತುಂಬ ಅವಳು ಮಾಡಿದ ಕರೆಗಳೇ, ಎತ್ತದವು. ಆಗ ಚಂದನಾ ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದಳು. ಈಗ ಒಂದೇ ಜಡೆ, ಅಪ್ಪನ ಜೊತೆ ಮಾತೂ ಅಷ್ಟಕ್ಕಷ್ಟೆ. ಮುಂದಿನ ವರ್ಷ ಹಾಸ್ಟೆಲಿಗೆ ಹೋಗುವವಳು. ಹೋದಮೇಲೆ ಅಪ್ಪನ ಜೊತೆ ಎಲ್ಲಿಗಾದರೂ ಬರುವ ಮನಸ್ಸು ಅವಳಿಗೆ ಇರಬೇಕಾದರೆ ಈ ಎರಡು ದಿನ ನೆಟ್ಟಗೆ ನಡೆಯಬೇಕು. ಇದು ತಪ್ಪಿದರೆ ಇನ್ನೊಮ್ಮೆ ಕೇಳುವ ಬಾಯಿ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. "ಅಪ್ಪಾ, ಹಾರಿದ್ವು ನೋಡು," ಎಂದು ಅವಳು ಅಷ್ಟು ದೂರದಿಂದ ಕೂಗಿದಳು. ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ನೀರಿನ ಮೇಲೆ ತಿರುಗಿದವು. ಅವನು ಆ ಕಡೆ ನೋಡಲಿಲ್ಲ, ಅವಳ ಕಡೆ ನೋಡಿದ.

ಹಡಗಲಿಯ ಊಟದಲ್ಲಿ ಎಲ್ಲರೂ ಅವನ ಮೇಲೆ ಕಣ್ಣಿಟ್ಟಿದ್ದರು, ಯಾರೂ ಹಾಗೆ ತೋರಿಸಿಕೊಳ್ಳಲಿಲ್ಲ. ಗಂಗಾಂಬಿಕಾಳ ಅಕ್ಕ ನಾಗಲಿಂಗಮ್ಮ ಮಜ್ಜಿಗೆ ಬಡಿಸುವಾಗ ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿ, ಮೂಗಿನಿಂದ ಸಣ್ಣಗೆ ಒಂದು ಉಸಿರು ಎಳೆದುಕೊಂಡಳು. ಈ ಉಸಿರು ಅವನಿಗೆ ಹೊಸದಲ್ಲ. ಬಚ್ಚಲಿಗೆ ಹೋಗಿ ಬಂದರೂ, ಓಣಿಯ ತುದಿಯವರೆಗೆ ಹೋಗಿ ಬಂದರೂ ಮನೆಯ ಹೆಂಗಸರು ಮಾತು ನಿಲ್ಲಿಸಿ ಹಾಗೊಂದು ಉಸಿರು ಎಳೆಯುತ್ತಾರೆ. ಮೊದಲು ಮೈಯೆಲ್ಲ ಉರಿಯುತ್ತಿತ್ತು. ಈಗ ಅವನೇ ಮುಖಕ್ಕೆ ಮುಖ ಕೊಟ್ಟು, ಉಸಿರು ತಾಗುವಷ್ಟು ಹತ್ತಿರ ನಿಂತು ಮಾತಾಡುತ್ತಾನೆ. ಬೇಕಾದಷ್ಟು ಮೂಸಿರಿ, ಅಂಜಿಕೆಯೇನು? "ಸಾರು ಛಲೋ ಆಗೇತ್ರಿ ಅಕ್ಕಾರ," ಎಂದು ಅವನು ಅವಳ ಮುಖಕ್ಕೇ ಹೇಳಿದ. ನಾಗಲಿಂಗಮ್ಮ ನಾಚಿ ಒಳಗೆ ಹೋದಳು. ಷಡ್ಡಕ ಕೊಟ್ರಸ್ವಾಮಿ ಮಾತ್ರ ಹಾಗಲ್ಲ, ಎಲ್ಲ ಬಾಯಿ ಬಿಟ್ಟೇ. "ಬಂದ ಷಡ್ಡಕಗ ಮಜ್ಜಿಗಿ ಕುಡಿಸಿ ಕಳಸ್ತೀನಿ ಅಂದ್ರ ಈ ಹಡಗಲ್ಯಾಗ ನನ್ನ ಮಾನ ಉಳೀತೈತೇನಲೇ?" ಕೊಟ್ರಸ್ವಾಮಿ ಮಲ್ಲಿಗೆಯ ದಲಾಲಿ. ಮನೆಯ ಹಿಂದೇ ಅವನ ಗೋದಾಮು. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳಲ್ಲಿ ಮೊಗ್ಗು ತಣ್ಣಗೆ ಕೂತಿರುತ್ತವೆ. ಆ ಬುಟ್ಟಿಗಳ ನಡುವೆಯೇ ಹಿಂದೆಲ್ಲ ಇಬ್ಬರೂ ಕುಡಿಯಲು ಕೂರುತ್ತಿದ್ದದ್ದು. ಕೂರುವ ಮೊದಲು ಒಂದು ಕ್ರಮವಿತ್ತು. ಕೊರಳಿನ ಶಿವದಾರ ತೆಗೆದು, ಇಷ್ಟಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಬಾಗಿಲ ಹಿಂದಿನ ಗೂಟಕ್ಕೆ ಹಾಕುತ್ತಿದ್ದರು. ಎದೆಯ ಮೇಲೆ ಶಿವನನ್ನಿಟ್ಟುಕೊಂಡು ಕುಡಿಯಬಾರದು ಎಂಬ ಅಷ್ಟು ಭಕ್ತಿ ಇಬ್ಬರಿಗೂ ಇತ್ತು, ಏನು ಹೇಳುವುದು! ಒಂದೇ ಗೂಟಕ್ಕೆ ಎರಡು ದಾರ. ಕೊಟ್ಟೂರಿನ ಮನೆಯಲ್ಲೂ ಅವನದು ಇದೇ ಕ್ರಮ. ಗಂಗಾಂಬಿಕಾ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ಬಾಗಿಲ ಹಿಂದೆ ನೋಡುತ್ತಿದ್ದಳು. ಗೂಟ ಬರಿದಾಗಿದ್ದರೆ ತಾಟು ತೊಳೆಯುತ್ತ ಹಾಡಿಕೊಳ್ಳುತ್ತಿದ್ದಳು. ದಾರ ನೇತಾಡುತ್ತಿದ್ದರೆ ಮಗಳನ್ನು ಬೇಗ ಮಲಗಿಸುತ್ತಿದ್ದಳು. "ಇಲ್ಲಣ್ಣ, ನಾವು ಹೊಂಡ್ತೀವಿ. ಸಂಜಿಗೆ ಮೈಲಾರದಾಗ ಇರಬೇಕು," ಎಂದು ಗುರುಬಸವರಾಜ ಕೈ ತೊಳೆದುಕೊಂಡ. ಕೊಟ್ರಸ್ವಾಮಿ ಬಾಗಿಲವರೆಗೆ ಬಂದು, ಕಾರು ತಿರುಗುವವರೆಗೂ ಅಲ್ಲೇ ನಿಂತಿದ್ದ.

ಮೈಲಾರದ ಯಾತ್ರಿನಿವಾಸದಲ್ಲಿ ಆ ದಿನ ಅವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಕೋಣೆಯ ಮುಂದಿನ ಕಟ್ಟೆ ವಿಶಾಲವಾಗಿತ್ತು, ಒಲೆ ಹೂಡಲು ಗಾಳಿಯ ಮರೆಯೂ ಇತ್ತು. ಇದನ್ನೆಲ್ಲ ಹದಿನೈದು ದಿನದ ಹಿಂದೆಯೇ ಬಂದು ನೋಡಿಕೊಂಡು ಹೋಗಿದ್ದ ಎಂದು ಅವನು ಯಾರಿಗೂ ಹೇಳಿರಲಿಲ್ಲ. ತಾಯಿ ಮಗಳು ಗುಡಿಗೆ ಹೋದರು. ಅವನು ಮೆಣಸಿನಕಾಯಿ ಸೀಳಿ, ಒಳಗೆ ಉಪ್ಪು ಜೀರಿಗೆ ಸವರಿ, ತಟ್ಟೆಯಲ್ಲಿ ಸಾಲಾಗಿ ಮಲಗಿಸಿಟ್ಟು, ಟವೆಲು ಹೆಗಲಿಗೆ ಹಾಕಿಕೊಂಡ. ಆಗ ಕರಡಿಗೆಗೆ ಕೈ ತಾಗಿತು. ಹೊಸ ದಾರ, ನಿನ್ನೆಯಷ್ಟೇ ಹಾಕಿದ್ದು, ಗಂಟು ಇನ್ನೂ ಬಿಗಿದುಕೊಂಡಿರಲಿಲ್ಲ. ಅವನ ಅಜ್ಜ ಇದೇ ಹೊಳೆಯಲ್ಲಿ ಮುಳುಗು ಹಾಕುವಾಗ ಲಿಂಗ ಜಾರಿ ಹೋಗಿ, ಸ್ವಾಮಿಗಳು ಬೇರೆ ಕಟ್ಟುವವರೆಗೆ ಅನ್ನ ನೀರು ಮುಟ್ಟದೆ ಕೂತಿದ್ದನಂತೆ. ಆ ಕಥೆಯನ್ನು ಕೇಳಿ ಬೆಳೆದ ಮನೆಯಲ್ಲಿ ಹೊಳೆಗೆ ಇಳಿಯುವ ಗಂಡಸರು ಕರಡಿಗೆಯನ್ನು ದಡದಲ್ಲಿ ಹೆಂಡಿರ ಕೈಗೆ ಕೊಡುವುದು ರೂಢಿ. ಹೆಂಡತಿ ಗುಡಿಯಲ್ಲಿದ್ದಳು. ಬಾಗಿಲ ಹಿಂದೆ ಒಂದು ಗೂಟವಿತ್ತು. ಕೈ ತಾನಾಗಿಯೇ ದಾರ ತೆಗೆಯಿತು, ಕಣ್ಣಿಗೊತ್ತಿಕೊಂಡಿತು, ಗೂಟಕ್ಕೆ ಹಾಕಿತು. ಹೊಳೆ, ಮಿರ್ಚಿ, ನಾಳೆಯ ಹಾದಿ ಎಂದು ಲೆಕ್ಕ ಹಾಕುತ್ತಿದ್ದ ತಲೆ ಆ ಕೈಯ ಕಡೆ ನೋಡಲೇ ಇಲ್ಲ.

ತುಂಗಭದ್ರೆಯ ನೀರು ಕೊರೆಯುತ್ತಿತ್ತು. ಅವನು ಮುಳುಗಿ ಎದ್ದು ಮುಳುಗಿ ಎದ್ದು, ಚಿಕ್ಕ ಹುಡುಗನ ಹಾಗೆ ಬಾಯಲ್ಲಿ ನೀರು ತುಂಬಿ ಉಗಿದ. ಆಚೆ ದಡದಲ್ಲಿ ಹೊತ್ತು ಕೆಂಪಾಗಿ ಇಳಿಯುತ್ತಿತ್ತು, ಅವನ ನಾಲಿಗೆ ಸುಮ್ಮನಿತ್ತು. ಈ ಸಂಜೆಯನ್ನು ನಾನೇ ಕಟ್ಟಿದ್ದು ಎಂದುಕೊಂಡ, ಹೆಮ್ಮೆಯಿಂದ ಎದೆ ತುಂಬಿತು. ದಡಕ್ಕೆ ಬಂದು ಅಂಗಿ ಹಾಕಿಕೊಳ್ಳುವಾಗ ಮೊಬೈಲು ಹೊಡೆದುಕೊಂಡಿತು. ಕೊಟ್ರಸ್ವಾಮಿ. "ಮೈಲಾರದ ಕಮಾನಿನ ತಾವ ಅದೀನಲೇ. ಹೂವಿನ ಗಾಡಿ ರಾಣೆಬೆನ್ನೂರಿಗೆ ಹೊಂಟಿತ್ತು, ಹತ್ತಿ ಬಂದೆ. ಬರ್ತೀಯೋ, ನಾನ ನಿಮ್ಮ ರೂಮಿಗೆ ಬರ್ಲೋ?" ರೂಮಿಗೆ ಬರುವುದೆಂದರೆ ಚಂದನಾಳ ಕಣ್ಣೆದುರಿಗೆ ಬಾಟಲಿ ಬಂದಂತೆ. "ಅಲ್ಲೇ ಇರಣ್ಣ, ನಾನ ಬರ್ತೀನಿ. ಐದು ನಿಮಿಷ," ಎಂದ. ಅಂದಮೇಲೆ ಆ ಮಾತು ಅವನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ಗಂಗಾಳಿಗೆ ಫೋನು ಮಾಡಿ ಹೇಳಬೇಕು ಅನ್ನಿಸಿತು. ಏನಂತ ಹೇಳುವುದು, ಕೊಟ್ರಸ್ವಾಮಿ ಕರೆದಿದ್ದಾನೆ ಹೋಗಿ ಬರುತ್ತೇನೆ ಅಂತಲೇ? ಬೇಗ ಹೋಗಿ ಕಳಿಸಿ ಬಂದರಾಯಿತು ಎಂದು ಮೊಬೈಲು ಜೇಬಿಗೆ ಹಾಕಿದ.

ಕಮಾನಿನ ಬದಿಗೆ ಹೂವಿನ ಟೆಂಪೋ ನಿಂತಿತ್ತು. ಡ್ರೈವರ್ ಎರ್ರೆಪ್ಪ ಸ್ಟಿಯರಿಂಗ್ ಮೇಲೆ ಕೈ ಚಾಚಿ ರಸ್ತೆ ನೋಡುತ್ತಿದ್ದ. ಹತ್ತಿರ ಹೋದಂತೆ ಒದ್ದೆ ಬಟ್ಟೆಯ ಕೆಳಗಿನ ಮಲ್ಲಿಗೆಯ ವಾಸನೆ ಬಂತು, ಗುರುಬಸವರಾಜನ ನಾಲಿಗೆಯ ಬುಡದಲ್ಲಿ ನೀರು ಬಂತು. ಬೇರೆಯವರಿಗೆ ಮಲ್ಲಿಗೆ ಅಂದರೆ ಮದುವೆ, ಪೂಜೆ. ಅವನಿಗೆ ಗೋದಾಮು, ಸ್ಟೀಲಿನ ಲೋಟ, ಗಂಟಲಲ್ಲಿ ಇಳಿಯುವ ಬೆಂಕಿ. ಇದನ್ನು ಅವನು ಲೆಕ್ಕ ಹಾಕಿರಲಿಲ್ಲ. ಕೊಟ್ರಸ್ವಾಮಿ ಟೆಂಪೋದ ಹಿಂದಿನಿಂದ ಬಂದ, ಆಗಲೇ ಸ್ವಲ್ಪ ಏರಿತ್ತು. ಅವನ ಕಣ್ಣು ಗುರುಬಸವರಾಜನ ಮುಖ ಬಿಟ್ಟು ಕೊರಳಿಗೆ ಇಳಿದು ಅಲ್ಲೇ ನಿಂತಿತು. ಆಮೇಲೆ ದೊಡ್ಡದಾಗಿ ನಕ್ಕ. "ಬಿಚ್ಚಿಟ್ಟೇ ಬಂದೀಯಲ್ಲೋ. ಮತ್ತ ಮಧ್ಯಾಹ್ನ ಆ ನಾಟಕ ಯಾಕ ಮಾಡಿದಿ?"

ಕೈ ಎದೆಗೆ ಹೋಯಿತು. ಅಂಗಿಯ ಕೆಳಗೆ ಒದ್ದೆ ಮೈ, ಬೇರೇನೂ ಇಲ್ಲ. "ಹೊಳಿಗೆ ಇಳಿದಿದ್ದೆ ಅಣ್ಣ. ಹೊಸಾ ದಾರ, ಜಾರೀತು ಅಂತ ತೆಗೆದಿಟ್ಟೀನಿ," ಎಂದ. ಹೇಳುವಾಗಲೇ ಅದು ಸುಳ್ಳಿನ ಹಾಗೆ ಕೇಳಿಸಿತು. ಹಿಂದೆ ಅವನು ಹೇಳಿದ ಸುಳ್ಳುಗಳೆಲ್ಲ ಇದಕ್ಕಿಂತ ನಿಜದ ಹಾಗಿದ್ದವು. ಎರ್ರೆಪ್ಪ ಕನ್ನಡಿಯಲ್ಲಿ ನೋಡಿ ಮುಖ ಆಚೆ ತಿರುಗಿಸಿದ. ಆಗ ಕೋಣೆಯ ಗೂಟ ಕಣ್ಣ ಮುಂದೆ ಬಂತು. ಗಂಗಾ ಗುಡಿಯಿಂದ ಬಂದಿರುತ್ತಾಳೆ, ಬಾಗಿಲು ಹಾಕಿರುತ್ತಾಳೆ, ಕಂಡಿರುತ್ತಾಳೆ. ಹೊತ್ತು ಮುಳುಗಿದೆ, ಗಂಡ ಇಲ್ಲ, ದಾರ ಗೂಟದ ಮೇಲೆ. ಅವನು ಮೊಬೈಲು ತೆಗೆದು ನೋಡಿದ. ಒಂದು ಕರೆಯೂ ಇರಲಿಲ್ಲ. ಗೋಕರ್ಣದಲ್ಲಿ ಬೆಳತನಕ ಕರೆದವಳು ಈಗ ಒಂದು ಸಲವೂ ಕರೆದಿಲ್ಲ ಅಂದರೆ, ಕರೆಯುವುದನ್ನೇ ಬಿಟ್ಟುಬಿಟ್ಟಿದ್ದಾಳೆ. "ಒಂದು ಗುಟುಕು," ಎಂದ ಕೊಟ್ರಸ್ವಾಮಿ, ದನಿಯಲ್ಲಿ ಈಗ ನಗು ಇರಲಿಲ್ಲ. "ನಿನ್ನ ಜೋಡಿ ಕುಂತು ಎಷ್ಟು ದಿನಾತು. ಒಬ್ಬನ ಕುಂತು ಕುಡಿಯೋದು ಅಂದ್ರ ಔಷಧ ಕುಡದಂಗ ಆಗತೈತಲೇ." ಲೋಟ ಮುಂದೆ ಬಂದಿತ್ತು, ಅದೇ ಸ್ಟೀಲಿನ ಲೋಟ. ಕುಡಿದರೂ ಕುಡಿಯದಿದ್ದರೂ ಆ ಗೂಟ ಹೇಳುವುದು ಒಂದೇ, ಶಿಕ್ಷೆ ಆಗಿಹೋಗಿದೆ, ಇನ್ನು ತಪ್ಪು ಮಾಡಿದರೇನು ಎಂದು ಒಳಗಿನಿಂದ ಯಾರೋ ಬಹಳ ನಯವಾಗಿ ಹೇಳಿದರು. ಆ ನಯ ಅವನಿಗೆ ಗೊತ್ತಿತ್ತು. ಬರೀ ನಯವಾಗಿದ್ದರೆ ಸೋಲುತ್ತಿದ್ದನೇನೋ, ಅದರಲ್ಲಿನ ದಡ್ಡತನ ಕಂಡು ಅವನಿಗೆ ಸಿಟ್ಟು ಬಂತು. ಅಲ್ಲ, ಈ ಸಂಜೆಯನ್ನು ಎಷ್ಟು ದಿನ ಕೂತು ಕಟ್ಟಿದ್ದೇನೆ, ಮೆಣಸಿನಕಾಯಿ ಸೀಳಿಟ್ಟು ಬಂದಿದ್ದೇನೆ, ಮಾಡದ ತಪ್ಪಿಗೆ ಹೆದರಿ ಆ ತಪ್ಪನ್ನೇ ಮಾಡಬೇಕೇ? ನಂಬದಿದ್ದರೆ ಬಿಡಲಿ, ನಾನು ಕುಡಿದಿಲ್ಲ ಎಂಬುದು ನನಗಂತೂ ಗೊತ್ತಿರುತ್ತದೆ.

ಅವನು ಲೋಟ ತೆಗೆದುಕೊಂಡು ಟೆಂಪೋದ ಹಿಂಬದಿಯ ಹಲಗೆಯ ಮೇಲೆ ಇಟ್ಟ. "ಬಾ ಅಣ್ಣ ರೂಮಿಗೆ. ಮಿರ್ಚಿ ಹಾಕ್ತೀನಿ, ಬಿಸಿಬಿಸಿ ತಿಂದು ಹೋಗು. ಇದು ಮಾತ್ರ ಇಲ್ಲೇ ಇರಲಿ." ಕೊಟ್ರಸ್ವಾಮಿ ಅಂಗೈಯಿಂದ ಬಾಯಿ ಒರೆಸಿಕೊಂಡ. "ಈ ಬಾಯಿ ತಗೊಂಡು ಗಂಗಾನ ಮುಂದ ಹೆಂಗ ಬರ್ಲಿ," ಎಂದ. ಆಮೇಲೆ ಬುಟ್ಟಿಯ ಬಟ್ಟೆ ಸರಿಸಿ, ಕಟ್ಟಿದ ಹೂವಿನ ಎರಡು ಮಾರು ತೆಗೆದು ಅವನ ಕೈಗಿಟ್ಟ. "ತಾಯಿ ಮಗಳಿಗೆ ಕೊಡು. ನೀ ಕೆಟ್ಟಿ ನೋಡು, ನನ್ನ ಒಬ್ಬನ್ನ ಮಾಡಿ ಹೋದಿ." ಟೆಂಪೋ ಹೊರಟಿತು. ಗುರುಬಸವರಾಜ ಹೂವು ಹಿಡಿದು ನಡೆದ, ನಡಿಗೆ ಓಟವಾಯಿತು. ಆ ಹೂವಿನ ವಾಸನೆ ಗೋದಾಮಿನ ವಾಸನೆಯೇ ಎಂದು ಅರ್ಧ ದಾರಿಯಲ್ಲಿ ಹೊಳೆಯಿತು. ಎಸೆದುಬಿಡಲೇ ಎಂದುಕೊಂಡು, ಎಸೆಯಲಿಲ್ಲ.

ಕಟ್ಟೆಯ ಮೇಲೆ ದೀಪ ಹತ್ತಿತ್ತು. ಚಂದನಾ ಮೊಣಕಾಲು ಕಟ್ಟಿಕೊಂಡು, ಮೊಬೈಲನ್ನು ಮುಂದೆ ಇಟ್ಟುಕೊಂಡು ಕೂತಿದ್ದಳು. ಗಂಗಾಂಬಿಕಾ ಬೋಗುಣಿಯಲ್ಲಿ ಕಡಲೆಹಿಟ್ಟು ಕಲಸುತ್ತಿದ್ದಳು, ಕೈ ನಿಧಾನವಾಗಿ ಒಂದೇ ಕಡೆ ತಿರುಗುತ್ತಿತ್ತು. ಅವನು ಹತ್ತಿರ, ಉಸಿರು ತಾಗುವಷ್ಟು ಹತ್ತಿರ ಬಂದು ಕೂತ. ಅವಳು ಮೂಸಲಿಲ್ಲ. ಹೂವು ನೋಡಿದಳು. "ಕೊಟ್ರಸ್ವಾಮಿ ಮಾವ ಬಂದಿದ್ರೇನು?"

"ಹೂಂ."

"ಕುಂತಿದ್ರೇನು?"

"ನಿಂತಿದ್ದೆ. ಕಳಿಸಿ ಬಂದೆ."

ಅವಳು ಹಿಟ್ಟು ಕಲಸಿದಳು. ಅವನಿಗೆ ತಡೆಯಲಾಗಲಿಲ್ಲ. "ಗೂಟ ನೋಡಿದಿ?"

"ನೋಡಿದೆ. ಎದಿ ಒಡೀತು." ಅವಳು ಇದನ್ನು ಹಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದಳು. "ಟವಲ್ ಇರಲಿಲ್ಲ, ಹೊಳಿಗೆ ಹೋಗ್ಯಾರ ಅಂದುಕೊಂಡೆ. ಆಮ್ಯಾಲ ಕತ್ತಲಾತು. ಇಕಿ ಫೋನ್ ಮಾಡ್ತೀನಿ ಅಂತ ಕುಂತಿದ್ಲು. ನಾನ ಬ್ಯಾಡ ಅಂದೆ."

"ಯಾಕ?"

"ಕರದ್ರ ಬರ್ತಿದ್ರಿ. ಕರದ್ದಕ್ಕ ಬಂದ್ರೋ, ತಾವಾಗೇ ಬಂದ್ರೋ, ನನಗ ಹೆಂಗ ಗೊತ್ತಾಗಬೇಕು? ಅಲ್ಲೇ ಐತಿ ನೋಡ್ರಿ, ನಾ ಮುಟ್ಟಿಲ್ಲ. ನೀವ ಬಂದು ಹಾಕ್ಕೋಬೇಕು ಅಂತ ಬಿಟ್ಟೀನಿ."

ಅವನು ಎದ್ದು ಒಳಗೆ ಹೋದ. ಬಾಗಿಲ ಹಿಂದೆ ದಾರ ಅವನು ಬಿಟ್ಟ ಹಾಗೆಯೇ ನೇತಾಡುತ್ತಿತ್ತು. ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ. ಮಂತ್ರ ನೆನಪಾಗಲಿಲ್ಲ. ಬರೀ ಕುಡಿದಿಲ್ಲ, ಕುಡಿದಿಲ್ಲ ಎಂದೇ ನಾಲಿಗೆ ಹೇಳುತ್ತಿತ್ತು, ಶಿವನಿಗೆ ಅಷ್ಟು ಸಾಕು ಅನ್ನಿಸಿತು. ಶಿವದಾರದ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿ ಕೊರಳಿಗೆ ಹಾಕಿಕೊಂಡ. ಹೊರಗೆ ಬಂದಾಗ ತಾಯಿ ಮಗಳು ಇಬ್ಬರ ಜಡೆಯಲ್ಲೂ ಮಲ್ಲಿಗೆ ಇತ್ತು. ಅವನು ಮೂಗು ತುಂಬ ಎಳೆದುಕೊಂಡ. ಗೋದಾಮು ಹೋಗಿರಲಿಲ್ಲ, ಅಲ್ಲೇ ಎಲ್ಲೋ ಇತ್ತು, ಆದರೆ ಅದರ ಮೇಲೆ ಈಗ ಎಣ್ಣೆ ಕಾಯುವ ವಾಸನೆ ಬಂದು ಕೂತಿತ್ತು.

ಮಿರ್ಚಿ ಮೊದಲ ಸಲಕ್ಕೇ ಗರಿಗರಿಯಾಗಿ ಬಂದವು. ಚಂದನಾ ಮಂಡಕ್ಕಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಒಂದನ್ನು ಕಚ್ಚಿ, ಖಾರಕ್ಕೆ ಬಾಯಿ ತೆರೆದು ಗಾಳಿ ಹಾಕಿಕೊಂಡಳು. "ನಾಳಿ ಎಷ್ಟಕ್ಕ ಏಳಬೇಕು?" ಎಂದು ಕೇಳಿದಳು. ಈ ಪ್ರವಾಸದ ಬಗ್ಗೆ ಅವಳು ತಾನಾಗಿ ಕೇಳಿದ ಮೊದಲ ಮಾತು ಅದು. ಹೇಳಿದ. ಹೂಂ ಎಂದಳು. ಇನ್ನೊಂದು ಮಿರ್ಚಿಗೆ ಕೈ ಹಾಕಿ, ಅವನ ಕಡೆ ನೋಡದೆ, ಹೊಳೆಯ ಕತ್ತಲ ಕಡೆ ನೋಡುತ್ತ ಹೇಳಿದಳು:

"ಬ್ಯಾಸಗಿ ರಜಾಕ್ಕ ಸಮುದ್ರಕ್ಕ ಹೋಗೋಣಪ್ಪಾ. ಸಂಜಿಗೆ ಏನೇನು ಮಾಡೋದು ಅಂತ ನಾನ ಹೇಳ್ತೀನಿ, ನೀ ಮಿರ್ಚಿ ಸಾಮಾನು ತಗೊಂಡು ಬಾ."

ಗುರುಬಸವರಾಜ ಜಾಲರಿ ಸೌಟು ಹಿಡಿದು ಅವಳನ್ನೇ ನೋಡುತ್ತ ಕೂತಿದ್ದ. "ಮಗುಚ್ರಿ, ಹೊತ್ತಾಕತ್ಯಾವ," ಎಂದು ಗಂಗಾಂಬಿಕಾ ಹೇಳಿದಳು. ಅವನು ಮಗುಚಿದ. ಒಂದು ಬದಿ ಕಪ್ಪಾಗಿತ್ತು. ಆ ಕಪ್ಪಾದ್ದನ್ನೆಲ್ಲ ತನ್ನ ತಟ್ಟೆಗೆ ಹಾಕಿಕೊಂಡು, ರಾಜನ ಹಾಗೆ ಕೂತು ತಿಂದ.